ದುರ್ಗಮ್ಮನ ತೋಳಿನ ಮೇಲಿನ ನೀಲಿ ವೃತ್ತ

ಶರಣಮ್ಮ, ದುರ್ಗಮ್ಮನ ತೋಳಿಗೆ ನಾನು ಟೆಸ್ಟ್ ಡೋಸ್ ಹಾಕಿರಲಿಲ್ಲ. ಪೆನ್ನಿನಿಂದ ಒಂದು ವೃತ್ತ ಬರೆದೆ, ಪಕ್ಕದಲ್ಲಿ ವೇಳೆ ಬರೆದೆ — ಅಷ್ಟೇ. ಸೂಜಿ ಅವಳ ಚರ್ಮವನ್ನು ಮುಟ್ಟಲೇ ಇಲ್ಲ. ಆರು ವರ್ಷದಿಂದ ನಿನ್ನ ಹೆಸರಿಗೆ ಅಂಟಿಕೊಂಡಿರುವ ತಪ್ಪು ನನ್ನದು.

ಇದನ್ನೇ ಮೊದಲು ಬರೆದುಬಿಟ್ಟೆ. ಹಿಂದಿನದೆಲ್ಲ ಹೇಳಿ ಇಲ್ಲಿಗೆ ಬಂದರೆ ದಾರಿಯಲ್ಲೇ ಎಲ್ಲೋ ನನ್ನ ಪರವಾಗಿ ವಾದಿಸತೊಡಗುತ್ತೇನೆ ಎಂಬ ಭಯ. ಆದರೂ ಹಿಂದಿನದನ್ನು ಹೇಳಲೇಬೇಕು. ಇದನ್ನು ನೀನೊಬ್ಬಳೇ ಅಲ್ಲ, ನಿನ್ನನ್ನು ತಪ್ಪಾಗಿ ತಿಳಿದವರೂ ಓದಬೇಕು.

ನರ್ಸಿಂಗ್ ಮುಗಿಸಿದ ವರ್ಷ ನೆನಪಿದೆಯಲ್ಲ? ನೀನು ಹುಣಸಗಿಯ ಬಸ್ಸಿಗೆ, ನಾನು ದೇವಾಪುರದಿಂದ ಟಂಟಂ ಆಟೋದಲ್ಲಿ — ಇಬ್ಬರೂ ಸುರಪುರದ ನಿಲ್ದಾಣದಲ್ಲಿ ಸೇರುತ್ತಿದ್ದೆವು. ಎದೆಗವಚಿಕೊಂಡ ಪ್ಲಾಸ್ಟಿಕ್ ಫೈಲು, ಅದರೊಳಗೆ ಅಂಕಪಟ್ಟಿ, ನೋಂದಣಿಯ ಪ್ರತಿ. ಯಾದಗಿರಿಯಲ್ಲಿ ಹತ್ತದ ಆಸ್ಪತ್ರೆಯ ಮೆಟ್ಟಿಲಿರಲಿಲ್ಲ. ಎಲ್ಲ ಕಡೆ ಒಂದೇ ಪ್ರಶ್ನೆ: “ಅನುಭವ ಅದ ಏನವಾ?” ಒಂದು ಕಡೆ ನೀನು ತಡೆಯಲಾರದೆ, “ಅನುಭವ ಎಲ್ಲಿ ಮಾರ್ತಾರ ಹೇಳ್ರಿ ಸರ್, ಅಲ್ಲೇ ಹೋಗಿ ತರ್ತೀವಿ” ಎಂದುಬಿಟ್ಟೆ. ಅವರು ಬಾಗಿಲು ತೋರಿಸಿದರು. ಹೊರಗೆ ಬಂದು, ನಗುತ್ತ ನಗುತ್ತ ನನಗೆ ಅಳು ಬಂದಿತ್ತು.

ಕೊನೆಗೆ ಶಹಾಪುರದ ಆ ಸಣ್ಣ ಆಸ್ಪತ್ರೆ ಇಬ್ಬರನ್ನೂ ಒಳಗೆ ಬಿಟ್ಟುಕೊಂಡಿತು — ಒಂದು ತಿಂಗಳ ಪರೀಕ್ಷೆಗೆ. ವಾರ್ಡಿನ ಹಿರಿಯ ಸಿಸ್ಟರ್, ನಾವು ಅಕ್ಕಾರು ಎನ್ನುತ್ತಿದ್ದವರು, ಮೊದಲ ದಿನವೇ ಹೇಳಿದರು: “ಜಾಗ ಒಂದೇ ಅದ. ಯಾರ ಕೈ ಚುರುಕ್ ಅದ, ಆಕಿ ಉಳೀತಾಳ. ಇನ್ನೊಬ್ಬಾಕಿಗೆ ದೊಡ್ಡ ನಮಸ್ಕಾರ.”

ಅಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ನೀನು, “ಯಾರಿಗರ ಸಿಗಲಿ, ಸಿಕ್ಕಾಕಿ ಇನ್ನೊಬ್ಬಾಕಿಗೆ ಒಂದು ಬಿಳೀ ಚಪ್ಪಲ್ ಕೊಡಸ್ಬೇಕು ನೋಡ್” ಎಂದೆ. ನಾನು ಹೂಂ ಎಂದೆ. ಆ ಗಳಿಗೆಯಿಂದಲೇ ನಿನ್ನ ಕೈಗಳನ್ನು ಗಮನಿಸತೊಡಗಿದ್ದೆ — ಎಷ್ಟು ಬೇಗ ನರ ಹಿಡಿಯುತ್ತೀ, ಎಷ್ಟು ಹೊತ್ತಿಗೆ ಚಾರ್ಟ್ ಮುಗಿಸುತ್ತೀ. ನಿನ್ನ ಕೈ ನಿಧಾನ. ಆದರೆ ರೋಗಿಗಳು ನಿನ್ನನ್ನೇ ಕೇಳುತ್ತಿದ್ದರು.

ಮೂರನೇ ವಾರ. ಬೆಳಗಿನ ಪಾಳಿ ನನ್ನದು, ಎರಡು ಗಂಟೆಗೆ ನಿನ್ನದು. ಹೊಸ ಆಂಟಿಬಯೋಟಿಕ್ ಕೊಡುವ ಮೊದಲು ಮುಂಗೈಯ ಒಳಬದಿಗೆ ಅದರದೇ ಒಂದು ಹನಿ ಚುಚ್ಚಬೇಕು, ಚುಚ್ಚಿದ ಜಾಗದ ಸುತ್ತ ಪೆನ್ನಿನಿಂದ ವೃತ್ತ ಬರೆದು ವೇಳೆ ನಮೂದಿಸಬೇಕು, ಅರ್ಧ ಗಂಟೆಯ ಮೇಲೆ ನೋಡಬೇಕು — ಕೆಂಪಾಗದೆ, ಊದದೆ ಇದ್ದರೆ ಮಾತ್ರ ಪೂರ್ತಿ ಡೋಸ್. ಅಂದು ಮೂವರಿಗಿತ್ತು. ಕೈ ಚುರುಕಾಗಿ ಕಾಣಲೆಂದು ನಾನೊಂದು ಉಪಾಯ ಹುಡುಕಿದ್ದೆ: ಮೊದಲು ಮೂರೂ ತೋಳುಗಳಿಗೆ ವೃತ್ತ ಬರೆದು ವೇಳೆ ಹಾಕಿಬಿಡುವುದು, ಆಮೇಲೆ ಸಾಲಾಗಿ ಚುಚ್ಚುತ್ತ ಹೋಗುವುದು. ಇಬ್ಬರಿಗೆ ಚುಚ್ಚಿದೆ. ಮೂರನೆಯವಳು ದುರ್ಗಮ್ಮ, ಹೊಳೆದಂಡೆಯ ಊರಿನವಳು, ಗಂಡನ ಜೊತೆ ಮೀನು ಹಿಡಿದು ಮಾರುವವಳು. ಅಷ್ಟರಲ್ಲಿ ಅಕ್ಕಾರು ಹೆರಿಗೆ ಕೋಣೆಯಿಂದ ಕೂಗಿದರು. ಓಡಿದೆ.

ತಿರುಗಿ ಬಂದಾಗ ಎರಡಾಗಿತ್ತು. ನೀನು ಬಂದು ನಿಂತಿದ್ದೆ, ಪಕ್ಕದಲ್ಲೇ ಅಕ್ಕಾರು. “ಇನ್ನೂ ಚುಚ್ಚಿಲ್ಲ, ನೀನೇ ಚುಚ್ಚು” — ಇಷ್ಟೇ ಹೇಳಬೇಕಿತ್ತು. ಆಡಿದ್ದರೆ ಅಕ್ಕಾರ ಮುಂದೆ ನನ್ನ ಒಂದು ಕೆಲಸ ಬಾಕಿ ಉಳಿದಂತೆ ಕಾಣುತ್ತಿತ್ತು.

“ಟೆಸ್ಟ್ ನೋಡೀಯಾ?” ನೀನು ಕೇಳಿದೆ.

“ನೋಡೀನಿ. ಏನೂ ಆಗಿಲ್ಲ. ಫುಲ್ ಡೋಸ್ ಹಾಕು.”

ನೀನು ಆದರೂ ಹೋಗಿ ಅವಳ ತೋಳು ನೋಡಿದೆ — ಇದನ್ನು ಎಲ್ಲರೂ ತಿಳಿಯಬೇಕು. ಬಲೆ ಎಳೆದು, ಜಾಲಿಮುಳ್ಳು ಗೀರಿ ಉದ್ದಕ್ಕೂ ತರಚಿದ ತೋಳು ಅದು. ಅದರಲ್ಲಿ ಒಂದು ಸೂಜಿಯ ಗುರುತಿದೆಯೋ ಇಲ್ಲವೋ ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ವೃತ್ತವಿತ್ತು, ವೇಳೆಯಿತ್ತು, ಗೆಳತಿಯ ಮಾತಿತ್ತು. ನೀನು ಪೂರ್ತಿ ಡೋಸ್ ಹಾಕಿದೆ.

ನಾನು ಚಪ್ಪಲಿ ಬದಲಿಸುತ್ತಿದ್ದೆ. ಟ್ರೇ ನೆಲಕ್ಕೆ ಬಿದ್ದ ಸದ್ದು. ಆ ಸದ್ದು ಈಗಲೂ — ಮನೆಯಲ್ಲಿ ತಟ್ಟೆ ಜಾರಿದರೂ ನಾನು ಅಲ್ಲೇ ನಿಂತುಬಿಡುತ್ತೇನೆ. ಓಡಿ ಬಂದು ನೋಡಿದರೆ ದುರ್ಗಮ್ಮನ ತುಟಿ ಊದಿತ್ತು, ಗಂಟಲಿನಿಂದ ಸೀಟಿಯಂಥ ಸ್ವರ, ಕಣ್ಣು ಮೇಲಕ್ಕೆ. ನೀನು ಅವಳ ಕಾಲು ಎತ್ತಿಸಿ, “ಅಡ್ರಿನಲಿನ್ ತರ್ರಿ, ಜಲ್ದಿ!” ಎಂದು ಚೀರಿದೆ. ಡಾಕ್ಟರ್ ಬರುವಷ್ಟರಲ್ಲಿ ನೀನೇ ಸಿರಿಂಜು ತುಂಬಿ ಹಿಡಿದಿದ್ದೆ. ನಾನೇನು ಮಾಡಿದೆ ಗೊತ್ತೆ? ಗೋಡೆಗೆ ಅಂಟಿಕೊಂಡು ಆ ನೀಲಿ ವೃತ್ತವನ್ನೇ ನೋಡುತ್ತಿದ್ದೆ.

ಅವಳು ಬದುಕಿದಳು. ಗಂಟೆಯೊಂದರ ಮೇಲೆ ಡಾಕ್ಟರ್ ನಮ್ಮಿಬ್ಬರನ್ನೂ ಕರೆದರು. “ಸುವರ್ಣಾ, ಟೆಸ್ಟ್ ಹಾಕಿದ್ದೇನು?”

“ಹಾಕೀನ್ರಿ ಸರ್.”

ನೀನು ನನ್ನ ಮುಖ ನೋಡಿದೆ. ಆಗ ನಿನಗೆ ಸಂಶಯ ಬಂತೋ ಏನೋ… ಬಂದಿದ್ದರೂ ನೀನು ಬಾಯಿ ಬಿಡಲಿಲ್ಲ. ಕೊಡುವ ಮುಂಚೆ ಸರಿಯಾಗಿ ನೋಡಿಲ್ಲ ಎಂದು ರಿಜಿಸ್ಟರಿನಲ್ಲಿ ನಿನ್ನ ಹೆಸರು ಬರೆದರು. ಮರುದಿನ ನೀನು ಬರಲಿಲ್ಲ, ಬರಬೇಡ ಎಂದಿದ್ದರು. ಜಾಗ ನನಗೆ ಸಿಕ್ಕಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೂರನೇ ದಿನ ದುರ್ಗಮ್ಮನ ಹಾಸಿಗೆ ಸರಿಪಡಿಸುವಾಗ ಅವಳು ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಕೇಳಿದಳು: “ಯವ್ವಾ, ನೀ ಆವತ್ತ ಬರೇ ಗೀಟು ಹೊಡದಿ. ಚುಚ್ಚಲೇ ಇಲ್ಲಲ್ಲ?”

“ನಿನಗ ಜ್ವರ ಬಾಳ ಇತ್ತಬೇ. ನೆನಪಿಲ್ಲ ನಿನಗ.”

ಅವಳು ತನ್ನ ತೋಳನ್ನೇ ನೋಡಿಕೊಂಡು, “ಇರಬೇಕವ್ವಾ, ನಮಗೇನ್ ತಿಳೀತದ” ಎಂದು ಗೋಡೆಯ ಕಡೆ ಹೊರಳಿದಳು. ಸತ್ಯ ಬಲ್ಲ ಒಂದೇ ಒಂದು ಜೀವದಿಂದ ಅದರ ನೆನಪನ್ನೂ ಕಸಿದುಕೊಂಡೆ.

ನಿನ್ನ ಸುದ್ದಿ ಮಾತ್ರ ಬಂದು ಮುಟ್ಟುತ್ತಿತ್ತು. ಶಹಾಪುರ, ಯಾದಗಿರಿ — ನೀನು ಹೋದಲ್ಲೆಲ್ಲ ಆ ಕಥೆ ನಿನಗಿಂತ ಮೊದಲೇ ಹೋಗಿ ಕುಳಿತಿರುತ್ತಿತ್ತಂತೆ. ಮೊದಲು ಅನುಭವವಿಲ್ಲ ಎನ್ನುತ್ತಿದ್ದರು, ಈಗ ಇಂಥ ಅನುಭವ ಬೇಡವೆಂದರು. ಈಗ ಸೈದಾಪುರದಲ್ಲಿದ್ದೀಯಂತೆ, ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸವಂತೆ. ಚಪ್ಪಲಿ — ನಾನು ಕೊಡಿಸಲಿಲ್ಲ. ಯಾವ ಮುಖದಿಂದ ತರಲಿ?

ಈಗ ಅದೇ ವಾರ್ಡಿಗೆ ನಾನೇ ಅಕ್ಕಾರು. ಹೋದ ವಾರ ಇಬ್ಬರು ಹೊಸ ಹುಡುಗಿಯರು ಬಂದರು, ಒಂದೇ ಜಾಗಕ್ಕೆ. ಅವರ ಫೈಲುಗಳೂ ಪ್ಲಾಸ್ಟಿಕ್ಕಿನವೇ. ಸೋಮವಾರ ವಾರ್ಡಿಗೆ ಹೋದಾಗ ಒಬ್ಬಳು ಒಂದಾದ ಮೇಲೊಂದು ತೋಳಿಗೆ ವೃತ್ತ ಬರೆಯುತ್ತಿದ್ದಳು, ಟ್ರೇ ಇನ್ನೂ ಮೇಜಿನ ಮೇಲಿತ್ತು. ನಾನು ಕಿರುಚಿದ ರೀತಿಗೆ ಇಡೀ ವಾರ್ಡು ತಿರುಗಿ ನೋಡಿತು. ಹುಡುಗಿ ಬೆವತು, “ಆಮ್ಯಾಲೆ ಚುಚ್ತೀನ್ರಿ ಅಕ್ಕಾರ… ಜಲ್ದಿ ಮುಗೀತದಂತ…” ಎಂದಳು. ಅವಳಿಗೆ ಬೈಯಲು ನನಗೇನು ಹಕ್ಕಿತ್ತು?

ಆ ಹುಡುಗಿಯರಿಬ್ಬರನ್ನೂ ಕೂರಿಸಿ ಹೇಳಿದೆ: ಬಾಕಿ ಇದ್ದರೆ ಬಾಕಿ ಎಂದು ಹೇಳಿ, ಅದಕ್ಕಾಗಿ ಯಾರ ಜಾಗವೂ ಹೋಗದಂತೆ ನಾನು ನೋಡಿಕೊಳ್ಳುತ್ತೇನೆ. ಹೇಳುತ್ತಿದ್ದಂತೆ ಗೊತ್ತಾಯಿತು, ಹಾಗೆ ನೋಡಿಕೊಳ್ಳುವ ಜಾಗದಲ್ಲಿ ನಾನು ಬಹಳ ದಿನ ಇರಲಿಕ್ಕಿಲ್ಲ.

ಇಂದು ಬೆಳಿಗ್ಗೆ ನಡೆದದ್ದನ್ನೆಲ್ಲ ಎರಡು ಪುಟ ಬರೆದು ಡಾಕ್ಟರ ಕೈಗೆ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು. “ಈಗ ಯಾಕ ಹೇಳಾಕತ್ತಿ?” ಎಂದರು. ರಿಜಿಸ್ಟರಿನ ಆ ಪುಟ ತೆರೆಸಿ, ನಿನ್ನ ಹೆಸರಿನ ಕೆಳಗೆ ನನ್ನ ಹೇಳಿಕೆಯನ್ನು ಬರೆಯಲು ಅನುಮತಿ ಕೇಳಿದೆ. ಅದಕ್ಕೆ ಒಪ್ಪಿದರು, ನನ್ನ ಕೆಲಸದ ಬಗ್ಗೆ ನಾಳೆ ಹೇಳುತ್ತೇನೆಂದರು.

ಈ ಪತ್ರವನ್ನೂ ಆ ಹೇಳಿಕೆಯ ಒಂದು ಪ್ರತಿಯನ್ನೂ ಭಾನುವಾರ ಸೈದಾಪುರಕ್ಕೆ ತರುತ್ತೇನೆ. ಅಲ್ಲಿಂದ ಹೊಳೆದಂಡೆಗೆ, ದುರ್ಗಮ್ಮನ ಮನೆಗೆ — ಅವಳ ನೆನಪೇ ನಿಜವೆಂದು ಅವಳಿಗೆ ಹೇಳಬೇಕು. ನೀನು ಬಾಗಿಲು ತೆರೆಯಬೇಕಿಲ್ಲ. ಹೊಸ್ತಿಲ ಮೇಲಿಟ್ಟು ಬರುತ್ತೇನೆ.

ರಿಜಿಸ್ಟರಿನಲ್ಲಿ ಒಂದೊಂದೇ ಸಾಲು ಬರೆದೆ. ಟೆಸ್ಟ್ ಹಾಕಿರಲಿಲ್ಲ. ಹಾಕಿದೆನೆಂದು ಸುಳ್ಳು ಹೇಳಿದೆ. ರೋಗಿಯನ್ನು ಉಳಿಸಿದವಳು ಶರಣಮ್ಮ. ಕೊನೆಗೆ ನನ್ನ ಸಹಿ. ಎಲ್ಲ ಬರೆದು ಮುಗಿದ ಮೇಲೆ ಗಡಿಯಾರ ನೋಡಿ, ಪಕ್ಕದಲ್ಲಿ ವೇಳೆ ಬರೆದೆ.