ಬಸ್ರಾದಲ್ಲಿ ಅಪ್ಪನ ಜೊತೆಗಿದ್ದವರು

ನಾನು ಹುಟ್ಟುವ ಮೊದಲೇ ಅಪ್ಪ ಕಡಲಾಚೆ ಅರಬರ ನಾಡಿನ ಬಸ್ರಾಕ್ಕೆ ಹೋಗಿದ್ದರು. ಮೊದಲ ಮಹಾಯುದ್ಧದ ಕಾಲ. ಅಲ್ಲಿಯ ನದಿಯಲ್ಲಿ ಸೈನ್ಯದ ಸಾಮಾನು ಸಾಗಿಸಲು ದೋಣಿ ನಡೆಸಬಲ್ಲವರು ಬೇಕಾಗಿತ್ತು. ನಮ್ಮೂರು ಬೆಂಗ್ರೆಯಲ್ಲಿ ಮೀನು ಹಿಡಿಯುತ್ತಿದ್ದ ಅಪ್ಪನೂ ಹೊರಟರು. ನಾನು ಹುಟ್ಟಿದ ಸುದ್ದಿಯನ್ನು ಅಮ್ಮ ಶಾಲೆಯ ಮೇಷ್ಟ್ರ ಕೈಯಲ್ಲಿ ಬರೆಸಿ ಕಳಿಸಿದರು. ಉತ್ತರ ಬರಲಿಲ್ಲ. ಕೆಲವು ತಿಂಗಳ ಮೇಲೆ ಸರಕಾರದ ಕಾಗದ ಬಂತು. ತೀರಿಕೊಂಡರು ಎಂದಷ್ಟೇ. ಹೇಗೆ, ಎಲ್ಲಿ, ಒಂದೂ ಇಲ್ಲ. ಮಗಳು ಹುಟ್ಟಿದ್ದು ಗೊತ್ತಾಗದೆಯೇ ಅಪ್ಪ ಹೋದರು ಎಂದುಕೊಂಡು ನಾನು ಬೆಳೆದೆ.

ಇಪ್ಪತ್ತು ದಾಟಿದ ಮೇಲೆ ಹೊಳೆಯಾಚೆ ಪೇಟೆಯಲ್ಲಿ, ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ ಸಿಕ್ಕಿತು. ದಿನಾ ದೋಣಿಯಲ್ಲಿ ಹೊಳೆ ದಾಟಿ, ಬಂದರಿನಿಂದ ನಡೆದು ಹೋಗುತ್ತಿದ್ದೆ. ಎರಡನೇ ಯುದ್ಧ ಶುರುವಾದ ವರ್ಷ, ಕಣ್ಣಿನ ಪೊರೆ ತೆಗೆಸಿಕೊಂಡ ನಮ್ಮ ಕರಾವಳಿಯ ಮುಸಲ್ಮಾನರಾದ ಬ್ಯಾರಿ ಮುದುಕರೊಬ್ಬರು ವಾರ್ಡಿನಲ್ಲಿದ್ದರು. ಎರಡೂ ಕಣ್ಣಿಗೆ ಪಟ್ಟಿ. ತಲೆ ಅಲ್ಲಾಡಿಸಬಾರದು. ಗಂಜಿ ನಾನೇ ಕುಡಿಸಬೇಕು.

"ದೋಣಿ ತಡವಾಯಿತು, ಅಜ್ಜ," ಎಂದೆ ಒಂದು ಬೆಳಿಗ್ಗೆ.

"ಬೆಂಗ್ರೆಯವಳಾ? ಯಾರ ಮಗಳು?"

ಅಪ್ಪನ ಹೆಸರು ಹೇಳಿದೆ. ಬಸ್ರಾದಲ್ಲಿ ತೀರಿಕೊಂಡರು ಎಂದೆ. ಅವರು ಚಮಚವನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು.

"ನಾವಿಬ್ಬರೂ ಒಂದೇ ದೋಣಿಯಲ್ಲಿದ್ದೆವು, ಮಗಳೇ," ಎಂದರು. "ನೀನು ಹುಟ್ಟಿದ ಕಾಗದ ಬಂದ ದಿನ ಅವನು ಎಲ್ಲರಿಗೂ ಖರ್ಜೂರ ಹಂಚಿದ. ಗುಮಾಸ್ತನ ಕೈಯಲ್ಲಿ ಅದನ್ನು ಮೂರು ಸಲ ಓದಿಸಿದ. ಉತ್ತರ ಬರೆಸಬೇಕು ಅಂತಿದ್ದ. ಅಷ್ಟರಲ್ಲಿ ಕಾಲರಾ ಬಂತು."

ಮಂಚದ ಅಂಚಿನಲ್ಲಿ ಕೂತುಬಿಟ್ಟೆ.

"ಯುದ್ಧ ಮುಗಿದ ಮೇಲೆ ಹೇಳಲಿಕ್ಕೆ ಬಂದಿದ್ದೆ," ಎಂದರು ಅವರು. "ನಿನ್ನ ಅಮ್ಮ ಮೀನು ಒಣಗಿಸುತ್ತಾ ಇದ್ದಳು. ಪಕ್ಕದಲ್ಲಿ ನೀನು. ಮಾತೇ ಹೊರಡಲಿಲ್ಲ. ಹಿಂದೆ ಹೋದೆ. ತಪ್ಪಾಯಿತು."

ಮರುದಿನ ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ಬಾಗಿಲಲ್ಲೇ ನಿಂತು ಕೇಳಿದರು: "ಬ್ಯಾರಿಗಳೇ, ಅವರನ್ನು ಹೊಳೆಗೆ ಹಾಕಿದರಾ?"

ಇಷ್ಟು ವರ್ಷ ಅಮ್ಮನ ಮನಸ್ಸಿನಲ್ಲಿ ಇದು ಇತ್ತೆಂದು ನನಗೆ ಗೊತ್ತಿರಲಿಲ್ಲ.

"ಇಲ್ಲ, ತಂಗಿ. ಅಲ್ಲಿ ಕಟ್ಟಿಗೆ ಸಿಗುವುದು ಕಷ್ಟ. ಒಡೆದ ದೋಣಿಯ ಹಲಗೆ ಬೇಡಿ ತಂದೆ. ನಿಮ್ಮ ಕ್ರಮ ನನಗೆ ತಿಳಿಯದು. ನಮ್ಮೂರ ಕಡೆಯ ನಿಮ್ಮವನೇ ಇನ್ನೊಬ್ಬ ಹೇಳಿಕೊಟ್ಟ ಹಾಗೆ ಮಾಡಿದೆ. ಬೂದಿ ಆರುವವರೆಗೆ ಅಲ್ಲೇ ಕೂತಿದ್ದೆ."

"ಕಾಲರಾ ಹಿಡಿದಾಗ ಹತ್ತಿರ ಯಾರಿದ್ದರು?"

"ಮೂರು ದಿನವೂ ನಾನೇ ಇದ್ದೆ. ನೀರು ಕುಡಿಸುತ್ತಾ ಇದ್ದೆ."

ಅಮ್ಮ ಒಳಗೆ ಬಂದು, ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಅವರಿಗೆ ತಾವೇ ಗಂಜಿ ಕುಡಿಸಿದರು. ಗಲ್ಲದ ಮೇಲೆ ಇಳಿದದ್ದನ್ನು ಸೆರಗಿನಿಂದ ಒರೆಸಿದರು.

ಅಪ್ಪನನ್ನು ನಾನು ನೋಡಿಲ್ಲ. ಆದರೆ ಅವರು ನನಗಾಗಿ ಸಂತೋಷಪಟ್ಟ ಒಂದು ದಿನ ಇತ್ತು ಎಂದು ತಿಳಿದ ಮೇಲೆ, ಅಪ್ಪ ಇಲ್ಲದವಳು ಎಂದು ನನಗೆ ಅನ್ನಿಸಿದ್ದು ಕಡಿಮೆ. ಕಾಲರಾದ ಭಯದಲ್ಲಿ ಎಲ್ಲರೂ ದೂರ ಸರಿಯುವಾಗ ಹತ್ತಿರ ಕೂತ ಆ ಮನುಷ್ಯನಿಗೆ ನಾನು ಏನು ಕೊಟ್ಟರೂ ಸಾಲದು.

ಮುಂದಿನ ಮಳೆಗಾಲದ ಆಟಿ ತಿಂಗಳಲ್ಲಿ, ಸತ್ತವರಿಗೆ ಬಡಿಸುವ ದಿನ, ಅಪ್ಪನಿಗೆ ಕ್ರಮ ಆಗಿದೆ ಎಂದು ತಿಳಿದಿದ್ದ ಅಮ್ಮ ಮೊದಲ ಬಾರಿಗೆ ಅವರ ಹೆಸರಿನಲ್ಲಿ ಎಲೆ ಹಾಕಿದರು. ಬಂಗುಡೆ ಸಾರು ಮಾಡಿದ್ದರು. ಪಟ್ಟಿ ಬಿಚ್ಚಿಸಿಕೊಂಡಿದ್ದ ಬ್ಯಾರಿ ಅಜ್ಜ ದೋಣಿಯಲ್ಲಿ ಹೊಳೆ ದಾಟಿ ಬಂದು, ನಮ್ಮ ಜಗಲಿಯಲ್ಲಿ ಊಟ ಮಾಡಿ ಹೋದರು.