ಸೆಲ್ಲಾರಿನಲ್ಲಿ ನಿಂತ ಬೀಗಿತ್ತಿಯ ಕಾರು

ನೀವಿಬ್ಬರೂ ಆಗ ಚಿಕ್ಕವರು. ಅಕ್ಕನಿಗೆ ಹತ್ತು, ತಮ್ಮನಿಗೆ ಏಳು. ತೆಲುಗು ನಾಡಿನ ಕೊಂಡಾಪುರದ ಈ ಅಪಾರ್ಟ್‌ಮೆಂಟಿಗೆ ನಾವು ಬಂದು ಮೂರು ವರ್ಷವಾಗಿತ್ತು. ಸುತ್ತಲೂ ಆಫೀಸುಗಳು ಏಳುತ್ತಿದ್ದವು. ಬಂಡೆ ಒಡೆಯುವ ಸದ್ದಿಗೆ ಅಡುಗೆಮನೆಯ ಡಬ್ಬಿಗಳು ಒಂದಕ್ಕೊಂದು ತಾಗುತ್ತಿದ್ದವು. ನಿಮ್ಮ ಅಪ್ಪ ಅಮ್ಮ ಬೆಳಿಗ್ಗೆ ಕೊರಳಿಗೆ ಕಾರ್ಡು ಹಾಕಿಕೊಂಡು ಹೋದರೆ ದೀಪ ಹಚ್ಚಿದ ಮೇಲೆಯೇ ಬರುವವರು.

ನಾಲ್ಕು ಗಂಟೆಗೆ ನಿಮ್ಮ ಶಾಲೆಯ ವ್ಯಾನು ಬರುತ್ತಿತ್ತು. ನೀವು ಚೀಲ ಎಸೆದು, ಬೂಟು ಬಿಚ್ಚದೆ, ನೇರ ನನ್ನ ಕೋಣೆಗೆ ಬರುತ್ತಿದ್ದಿರಿ. ದಿನದಲ್ಲಿ ಅದೊಂದು ಹೊತ್ತು ನನ್ನದು. ಉಳಿದ ಹೊತ್ತೆಲ್ಲ ನಾನು ಅಳಿಯನ ಮನೆಯಲ್ಲಿ ಉಳಿದುಕೊಂಡ ಅತ್ತೆ. ನಮ್ಮ ಸೇಡಂ ಕಡೆ ಮಗಳ ಮನೆಯಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಇರುವುದಕ್ಕೆ ನಾಚುತ್ತಾರೆ. ನಿಮ್ಮ ಅಜ್ಜ ಹೋದ ಮೇಲೆ ನಾನು ಒಂದು ಟ್ರಂಕು ಹಿಡಿದುಕೊಂಡು ಬಂದವಳು ಹಾಗೇ ಉಳಿದಿದ್ದೆ. ಸೋಫಾದ ಮೇಲೆ ಕೂರುವಾಗಲೂ ಅಂಚಿನಲ್ಲಿ ಕೂರುತ್ತಿದ್ದೆ. ನಿಮ್ಮ ಅಪ್ಪ ಒಂದು ದಿನವೂ ಒಂದು ಮಾತು ಅಂದವರಲ್ಲ. ಅದು ನನ್ನ ಸ್ವಭಾವ.

ಆ ಶ್ರಾವಣದಲ್ಲಿ ನಿಮ್ಮ ಅಪ್ಪನ ತಾಯಿ, ನನ್ನ ಬೀಗಿತ್ತಿ, ಮೈಸೂರಿನಿಂದ ಒಬ್ಬರೇ ಕಾರು ಓಡಿಸಿಕೊಂಡು ಬಂದರು. ಅವರೂ ನನ್ನ ಹಾಗೆ ಗಂಡನನ್ನು ಕಳೆದುಕೊಂಡವರು. ಆದರೆ ನನ್ನ ಹಾಗೆ ಎಂದು ಹೇಳಬಹುದಾದದ್ದು ಅದೊಂದೇ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ, ಐವತ್ತೈದನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ನಿವೃತ್ತರಾದ ಮೇಲೆ ಬಾಡಿಗೆ ಮನೆ ಬಿಟ್ಟು ಏಳು ಸೀಟಿನ ಹಳೆಯ ಕಾರೊಂದನ್ನು ಕೊಂಡಿದ್ದರು. ಇನ್ನು ಮುಂದೆ ಆ ಕಾರೇ ತಮ್ಮ ಮನೆ, ಅದರಲ್ಲೇ ಮಲಗಿ, ಅದರಲ್ಲೇ ಬೇಯಿಸಿಕೊಂಡು ದೇಶ ನೋಡುತ್ತೇನೆ ಎಂದರು. ಹೊರಡುವ ಮುಂಚೆ ಅಭ್ಯಾಸ ಆಗಬೇಕಲ್ಲ, ದಸರಾ ರಜೆಯವರೆಗೆ ನಮ್ಮ ಅಪಾರ್ಟ್‌ಮೆಂಟಿನ ನೆಲದಡಿಯ ಸೆಲ್ಲಾರಿನಲ್ಲಿ, ಮಗನ ಪಾರ್ಕಿಂಗ್ ಜಾಗದಲ್ಲೇ ಇದ್ದು ನೋಡುತ್ತೇನೆ ಎಂದರು.

ನಿಮ್ಮ ಅಪ್ಪ ಊಟದ ಮೇಜಿನ ಮುಂದೆ ತಲೆ ಹಿಡಿದುಕೊಂಡರು. “ಅಮ್ಮಾ, ಜನ ಏನಂತಾರೆ? ಮಗ ಸಾಫ್ಟ್‌ವೇರು, ತಾಯಿ ಪಾರ್ಕಿಂಗಲ್ಲಿ!”

“ಮೂವತ್ತು ವರ್ಷ ಜನ ಏನಂತಾರೆ ಅನ್ನೋದನ್ನೇ ಕಿವಿಗೆ ಹಾಕ್ಕೊಂಡು ಕೂತಿದ್ದೆ ಕಣೋ. ಸಂಬಳ ಕೊಡ್ತಿದ್ರು. ಈಗ ಪುಕ್ಕಟೆ ಯಾಕೆ ಕೇಳಲಿ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು. ಅಂಥ ಮಾತು ನನ್ನ ಬಾಯಲ್ಲಿ ಯಾಕೆ ಹುಟ್ಟುವುದಿಲ್ಲ?

ಮರುದಿನದಿಂದಲೇ ಕಾರು ಮನೆಯಾಗತೊಡಗಿತು. ಬಡಗಿಯನ್ನು ಕರೆಸಿ ಹಿಂದಿನ ಸೀಟುಗಳನ್ನು ಕಿತ್ತು ಹಲಗೆ ಹಾಕಿಸಿದರು. ಹಲಗೆಯ ಕೆಳಗೆ ಮೂರು ಪೆಟ್ಟಿಗೆ: ಒಂದರಲ್ಲಿ ಬಟ್ಟೆ, ಒಂದರಲ್ಲಿ ದಿನಸಿ, ಇನ್ನೊಂದರಲ್ಲಿ ಪಾತ್ರೆ. ಪಾತ್ರೆಗಳೆಲ್ಲ ಒಂದರೊಳಗೊಂದು ಕೂರುವಂಥವು. ಕಿಟಕಿಗಳಿಗೆ ಸೊಳ್ಳೆಪರದೆ. ನಲ್ಲಿ ಇದ್ದ ನೀರಿನ ಕ್ಯಾನು. ಚಿಕ್ಕ ಗ್ಯಾಸ್ ಒಲೆ. ಅವರದೊಂದು ನಿಯಮವಿತ್ತು: ಒಂದು ವಾರ ಕೈ ಹಾಕದ ಸಾಮಾನು ಕಾರಿನಿಂದ ಇಳಿಯಬೇಕು. ಯಾವುದು ಇಳಿಯಬೇಕು ಎಂದು ಪ್ರತಿ ಭಾನುವಾರ ತೀರ್ಪು ಕೊಡುವ ನ್ಯಾಯಾಧೀಶರು ನೀವಿಬ್ಬರು. ಇಸ್ತ್ರಿಪೆಟ್ಟಿಗೆಗೆ ಗಡೀಪಾರು ಕೊಟ್ಟಿದ್ದು ನೆನಪಿದೆಯೆ? ತಮ್ಮ ಆ ದಿನ ನಿಮ್ಮ ಅಮ್ಮನ ಕಪ್ಪು ದುಪಟ್ಟಾ ಹೊದ್ದು ಕೂತಿದ್ದ.

ನಾಲ್ಕು ಗಂಟೆಗೆ ವ್ಯಾನು ಬರುತ್ತಿತ್ತು, ನೀವು ಮೇಲೆ ಬರುತ್ತಿರಲಿಲ್ಲ. ನಾನು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ. ವ್ಯಾನಿನಿಂದ ಇಳಿದವರು ಚೀಲ ಹೊತ್ತುಕೊಂಡೇ ಸೆಲ್ಲಾರಿನ ಇಳಿಜಾರಿನಲ್ಲಿ ಓಡುತ್ತಿದ್ದಿರಿ. ಆರು ಗಂಟೆಗೆ ಮೇಲೆ ಬಂದಾಗ ಹೊಟ್ಟೆ ತುಂಬಿರುತ್ತಿತ್ತು. ನಿಮಗೆ ಅವರು ಅಜ್ಜಿ, ನಾನು ಆಯಿ. “ಅಜ್ಜಿ ಕಾರಲ್ಲಿ ಉಪ್ಪಿಟ್ಟು ಮಾಡಿದ್ರು ಆಯಿ, ಎಷ್ಟು ಚೆನ್ನಾಗಿತ್ತು ಗೊತ್ತಾ!” ಅದೇ ಉಪ್ಪಿಟ್ಟನ್ನು ನಾನು ಮಾಡಿದರೆ ತಟ್ಟೆಯ ಅಂಚಿಗೆ ತಳ್ಳುತ್ತಿದ್ದಿರಿ. ನಿಮಗಾಗಿ ಬಡಿದಿಟ್ಟ ರೊಟ್ಟಿ, ಶೇಂಗಾ ಚಟ್ನಿ ಹಾಗೇ ಉಳಿಯುತ್ತಿತ್ತು. ನಾನೊಬ್ಬಳೇ ಕೂತು ತಿನ್ನುತ್ತಿದ್ದೆ, ಹಸಿವಿಲ್ಲದಿದ್ದರೂ.

ವಾಚ್‌ಮನ್‌ನ ಹೆಂಡತಿ ಯಾದಗಿರಿ ಕಡೆಯವಳು. ಆ ಸಂಸಾರ ಸೆಲ್ಲಾರಿನ ಮೂಲೆಯ ಕೋಣೆಯಲ್ಲೇ ಇತ್ತು. ಅವಳು ಮೆಟ್ಟಿಲು ಒರೆಸುತ್ತ ನನ್ನನ್ನು ಕೆಣಕುತ್ತಿದ್ದಳು. “ಒಬ್ಬ ಬೀಗ್ತಿ ಮ್ಯಾಲ, ಒಬ್ಬ ಬೀಗ್ತಿ ಕೆಳಗ. ನಡುವ ಲಿಫ್ಟ್ ಐತಿ, ಒಮ್ಮೆರ ಇಳದು ಬರ್ರಿ ಯವ್ವಾ!”

“ಲಿಫ್ಟಿನ್ಯಾಗ ನನಗ ತಲಿ ತಿರುಗ್ತದ,” ಎಂದೆ. ಸುಳ್ಳು.

ಒಂದು ದಿನ ಬೀಗಿತ್ತಿಯೇ ಮೇಲೆ ಬಂದು ಕೇಳಿದರು. “ನಿಮ್ಮ ಕಡೆ ಹಳೇ ಸೀರೆ ತುಂಡು ಸೇರಿಸಿ ಕೌದಿ ಹೊಲೀತಾರಲ್ಲ, ನನಗೊಂದು ಹೊಲಿದುಕೊಡಿ. ಅಂಗಡಿ ರಜಾಯಿ ಕಾರಲ್ಲಿ ಮಡಚಿದರೆ ಎಮ್ಮೆ ಮಲಗಿದ ಹಾಗೆ ಕಾಣುತ್ತೆ.”

“ಕಣ್ಣು ಕಾಣಂಗಿಲ್ರಿ ಈಗ,” ಎಂದೆ. ಅದೂ ಸುಳ್ಳು. ಹಿಂದಿನ ಚಳಿಗಾಲದಲ್ಲಷ್ಟೇ ನಿಮಗಿಬ್ಬರಿಗೂ ಹೊಲಿದುಕೊಟ್ಟಿದ್ದೆ. ಬೀಗಿತ್ತಿ ಅದನ್ನು ನೋಡಿಯೂ ಇದ್ದರು. ಹಾಗೇ ಕೆಳಗೆ ಹೋದರು.

ಆದರೆ ನೀವು ನಂಬಿದಿರಿ. ಪರದೆಯ ಬಟ್ಟೆ ತರಲು ಅವರ ಜೊತೆ ಕೋಠಿಯ ಪೇಟೆಗೆ ಹೋದವರು ಅಲ್ಲಿಂದ ನನಗೊಂದು ಭೂತಗನ್ನಡಿ ತಂದಿರಿ. ತಮ್ಮ ಅದನ್ನು ನನ್ನ ಕಣ್ಣಿಗೆ ಹಿಡಿದು, “ಈಗ ಕಾಣುತ್ತಾ ಆಯಿ? ಈಗ ಹೊಲೀತೀಯಾ?” ಎಂದ. ನಾನು ಕಾಣುತ್ತದೆ ಎನ್ನುವ ಹಾಗಿಲ್ಲ, ಕಾಣುವುದಿಲ್ಲ ಎನ್ನುವ ಹಾಗೂ ಇಲ್ಲ. ಅದನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ಕೌದಿ ಹೊಲಿಯಲಿಲ್ಲ.

ಬೀಗಿತ್ತಿ ಸ್ನಾನಕ್ಕೆ ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಮನೆಗೆ ಬರುತ್ತಿದ್ದರು. ಒಂದು ದಿನ ಅವರು ಬಚ್ಚಲಿನಲ್ಲಿದ್ದಾಗ ನಾನು ಕಸದ ಚೀಲ ಹಿಡಿದುಕೊಂಡು ಕೆಳಗಿಳಿದೆ. ಕಾರಿಗೆ ಬೀಗ ಇರಲಿಲ್ಲ. ಬಾಗಿಲು ಸರಿಸಿ ಒಳಗೆ ಹತ್ತಿದೆ. ಒಳಗೆ ಹೇಗಿರುತ್ತದೆಂದು ಒಂದೂವರೆ ತಿಂಗಳು ಬರೀ ಊಹಿಸಿದ್ದೆ. ಊಹಿಸಿದ್ದಕ್ಕಿಂತ ಚೆಂದವಾಗಿತ್ತು, ಅದೇ ಕಷ್ಟವಾಯಿತು. ಎಲ್ಲವೂ ಕೈಗೆಟಕುವಲ್ಲೇ ಇತ್ತು. ಕೂತಲ್ಲಿಂದಲೇ ಒಲೆ, ನೀರು, ಪುಸ್ತಕ, ಟಾರ್ಚು. ಯಾರನ್ನೂ ಕೇಳದೆ, ಯಾರ ಸೋಫಾದ ಅಂಚಿನಲ್ಲೂ ಕೂರದೆ ಒಬ್ಬ ಹೆಂಗಸು ಇಷ್ಟರಲ್ಲೇ ಬದುಕಬಹುದಿತ್ತು.

ಹಾಸಿಗೆಯ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿತ್ತು. ಅಕ್ಕ, ನಿನ್ನ ಅಕ್ಷರ. “ದಸರಾ ಪ್ರವಾಸ” ಎಂದು ಮೇಲೆ ಬಣ್ಣದಲ್ಲಿ ಬರೆದಿದ್ದೆ. ಕೆಳಗೆ ಹಲಗೆಯ ಚಿತ್ರ, ಅದರ ಮೇಲೆ ಮಲಗಿದ ಮೂರು ಗೊಂಬೆ, ಪಕ್ಕದಲ್ಲಿ ನೀನೇ ಬರೆದ ಹೆಸರು: “ಅಜ್ಜಿ, ನಾನು, ತಮ್ಮ.” ಅದರ ಕೆಳಗೆ ದಿನಗಳು. ಮೊದಲ ದಿನ ಬೀದರ್ ಕೋಟೆ. ಮೂರನೆಯ ದಿನದ ಮುಂದೆ ಬರೆದಿತ್ತು: “ಆಯಿಯ ಊರು. ಅಜ್ಜಿಗೆ ಬಾವಿ, ಆಯಿಯ ಶಾಲೆ, ಬೇಳೆ ಮಿಲ್ಲು ತೋರಿಸುವುದು.”

ಪ್ರತಿ ದಸರೆಗೆ ನಿಮ್ಮನ್ನು ಆ ಊರಿಗೆ ಕರೆದೊಯ್ಯುತ್ತಿದ್ದವಳು ನಾನು. ನಾನು ಏಳನೆಯವರೆಗೆ ಓದಿದ ಶಾಲೆ, ನಿಮ್ಮ ಅಜ್ಜ ದುಡಿದ ಮಿಲ್ಲು. ಅದನ್ನು ಅವರಿಗೆ ತೋರಿಸುವುದಕ್ಕೆ ನನ್ನ ಅಗತ್ಯವಿರಲಿಲ್ಲ. ಗೊಂಬೆಗಳನ್ನು ಎರಡು ಸಲ ಎಣಿಸಿದೆ. ನನಗೆ ಕಾರು ಹತ್ತಿದರೆ ವಾಂತಿ ಬರುವುದು ನಿಜ, ಅದಕ್ಕೇ ಬಿಟ್ಟಿದ್ದೀರಿ ಎಂದು ಈಗ ತಿಳಿಯುತ್ತದೆ. ಅಂದು ತಿಳಿಯಲಿಲ್ಲ. ಅಂದು ನನ್ನ ಹೊಟ್ಟೆಯಲ್ಲಿ ಎದ್ದದ್ದಕ್ಕೆ ಹೊಟ್ಟೆಕಿಚ್ಚು ಎಂದೇ ಹೆಸರು. ನಿಮ್ಮೆದುರು ಬೇರೆ ಹೆಸರು ಕೊಡಲಾರೆ.

ಅಸೋಸಿಯೇಷನ್ ಸೆಕ್ರೆಟರಿ ಸಂಜೆ ಟೋಪಿ ಹಾಕಿಕೊಂಡು ಅಂಗಳ ಸುತ್ತುತ್ತಿದ್ದರು. ಅಲ್ಲಿಯವರೆಗೆ ನಾನು ಅವರ ಮುಖ ನೋಡಿ ಮಾತಾಡಿದವಳಲ್ಲ. ಈ ಕಟ್ಟಡದ ಅರ್ಧ ಜನ ನನ್ನನ್ನು ಮೂಗಿ ಎಂದುಕೊಂಡಿದ್ದರು. ಆದರೆ ನಮ್ಮೂರು ಗಡಿಯ ಊರು. ತೆಲುಗು ನಾನು ಬಾವಿಕಟ್ಟೆಯಲ್ಲೇ ಕಲಿತವಳು. ಆ ದಿನ ಅವರ ಮುಂದೆ ಹೋಗಿ ನಿಂತೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದೆ. “ಸಾರ್, ಕಿಂದ ಕಾರ್‌ಲೋ ಗ್ಯಾಸು ಪೊಯ್ಯಿ ಪೆಟ್ಟಿ ವಂಡ್ತುನ್ನಾರು. ಪಿಲ್ಲಲು ಅಕ್ಕಡೇ ಆಡ್ಕುಂಟುನ್ನಾರು.” ಕೆಳಗೆ ಕಾರಿನಲ್ಲಿ ಗ್ಯಾಸ್ ಒಲೆಯಿಟ್ಟು ಅಡುಗೆ ಮಾಡುತ್ತಿದ್ದಾರೆ, ಮಕ್ಕಳು ಅಲ್ಲೇ ಆಡುತ್ತಾರೆ ಎಂದು.

“ಮೀರು ಏ ಫ್ಲಾಟ್ ಅಮ್ಮಾ?” ಯಾವ ಫ್ಲಾಟಿನವರು ಎಂದು ಕೇಳಿದರು ಅವರು.

ನಾನು ಅಲ್ಲಿಂದ ತಿರುಗಿದೆ. ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ಹತ್ತಿದೆ. ಮೇಲೆ ಬಂದು ಒಂದು ಲೋಟ ನೀರು ಕುಡಿದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಕ್ಕಳ ಮೇಲಿನ ಕಾಳಜಿಯಿಂದ ಹೇಳಿದೆ ಎಂಬ ನೆಪವೊಂದೇ ಸುಳ್ಳು.

ಮರುದಿನ ಲಿಫ್ಟಿನ ಪಕ್ಕ ನೋಟೀಸು ಬಂತು. ಸೆಲ್ಲಾರಿನಲ್ಲಿ ಅಡುಗೆ ಮಾಡುವಂತಿಲ್ಲ, ವಾಹನದಲ್ಲಿ ವಾಸಿಸುವಂತಿಲ್ಲ, ಎರಡು ದಿನದಲ್ಲಿ ತೆರವು ಮಾಡಬೇಕು. ದಸರಾ ರಜೆಗೆ ಇನ್ನೂ ಹದಿನೈದು ದಿನವಿತ್ತು. ನಿಮ್ಮ ಅಪ್ಪ ಸೆಕ್ರೆಟರಿಯ ಮನೆಗೆ ಹೋಗಿ ಜಗಳವಾಡಿ ಬಂದರು. ಅಕ್ಕ ಊಟ ಬಿಟ್ಟಳು. ತಮ್ಮ ಆ ನೋಟೀಸಿನ ಮೇಲೆ ಸ್ಕೆಚ್‌ಪೆನ್ನಿನಲ್ಲಿ ಮೀಸೆ ಬರೆದು ಬಂದ. ಮೇಲೆ ಮಗನ ಮನೆಯಲ್ಲಿ ಹದಿನೈದು ದಿನ ಇರಬಹುದಿತ್ತು. ಆದರೆ ಇದ್ದ ಹೆಚ್ಚಿನ ಕೋಣೆ ಒಂದೇ, ಅದರಲ್ಲಿ ನಾನಿದ್ದೆ. ಬೀಗಿತ್ತಿ ಹೊರಡುತ್ತೇನೆ ಎಂದರು.

ಹೊರಟ ದಿನ ನೀವು ಅಳುತ್ತಲೇ ಶಾಲೆಗೆ ಹೋಗಿದ್ದಿರಿ. ನಿಮ್ಮ ಅಪ್ಪ ಅಮ್ಮ ಅವರ ಕಾಲಿಗೆ ನಮಸ್ಕಾರ ಮಾಡಿ ಆಫೀಸಿಗೆ ಹೋದರು. ಕಳಿಸಲು ಉಳಿದವಳು ನಾನೊಬ್ಬಳೇ. ಎರಡು ದಿನ ಕೂತು ಬಡಿದ ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಕೊಟ್ಟೆ. ಬೀಗಿತ್ತಿ ಅದನ್ನು ದಿನಸಿಯ ಪೆಟ್ಟಿಗೆಯಲ್ಲಿಟ್ಟು ಮುಂದಿನ ಬಾಗಿಲು ತೆರೆದರು.

“ಹತ್ತಿ.”

“ಎಲ್ಲಿಗ್ರಿ?”

“ಗಚ್ಚಿಬೌಲಿ ಸರ್ಕಲ್ಲಿನವರೆಗೆ. ಅಲ್ಲಿಂದ ಆಟೋದಲ್ಲಿ ವಾಪಸ್ ಬನ್ನಿ. ತೆಲುಗು ಬರುತ್ತಲ್ಲ ನಿಮಗೆ.”

ಅವರಿಗೆ ಎಲ್ಲ ಗೊತ್ತಾಗಿತ್ತು. ವಾಚ್‌ಮನ್‌ನ ಹೆಂಡತಿ ನಾನು ಸೆಕ್ರೆಟರಿಯ ಮುಂದೆ ನಿಂತಿದ್ದನ್ನು ನೋಡಿದ್ದಳು, ಬೀಗಿತ್ತಿ ಕೇಳಿದ್ದಕ್ಕೆ ಹೇಳಿದ್ದಳು. ಬಾಗಿಲ ಬಳಿ ಬಕೆಟ್ ಹಿಡಿದು ನಿಂತಿದ್ದ ಅವಳು ನನ್ನ ಕಡೆ ನೋಡದೆ, “ನಾವೂ ಸೆಲ್ಲಾರ್‌ದಾಗೇ ಇದ್ದೀವಿ ಬಿಡ್ರಿ, ನಮಗ ಯಾರೂ ಚೀಟಿ ಹಚ್ಚಿಲ್ಲ,” ಎಂದಳು.

ಕಾರು ಹತ್ತಿದೆ. ಆಫೀಸಿನ ಕ್ಯಾಬುಗಳ ಸಾಲಿನಲ್ಲಿ ಇಂಚಿಂಚೇ ಮುಂದೆ ಹೋದೆವು. ಬೀಗಿತ್ತಿ ಮಾತು ಶುರು ಮಾಡಿದರು.

“ಮದುವೆಯಾಗಿ ಹನ್ನೆರಡು ವರ್ಷ ಆಯ್ತು ನಮ್ಮ ಮಕ್ಕಳಿಗೆ. ಅಷ್ಟೂ ವರ್ಷದಲ್ಲಿ ನೀವು ನನ್ನ ಹತ್ರ ಹತ್ತು ಮಾತಾಡಿಲ್ಲ. ಆ ಟೋಪಿಯವನ ಹತ್ರ ಹೋಗಿ ಮಾತಾಡಿದಿರಲ್ಲ!”

ನಾನು ಮಡಿಲನ್ನೇ ನೋಡುತ್ತಿದ್ದೆ.

“ಮಗನ ಮನೆ ಬಿಟ್ಟು ಪಾರ್ಕಿಂಗಲ್ಲಿ ಮಲಗಿದೋಳು ನಾನು. ಅಲ್ಲಿಂದಲೂ ಎಬ್ಬಿಸಿದ್ರಲ್ಲ ಬೀಗಿತ್ತಿ! ರಜೆಗೆ ಮಕ್ಕಳು ನಿಮಗೆ ಬೇಕು ಅಂತ ಬಾಯಿಬಿಟ್ಟು ಅಂದಿದ್ರೆ ಬೇಡ ಅಂತಿದ್ನಾ?”

ಬಾಯಿಬಿಟ್ಟು ಅನ್ನುವುದೇ ನನಗೆ ಬರುತ್ತಿರಲಿಲ್ಲ ಎಂದು ಹೇಳಬೇಕೆನಿಸಿತು. ತಪ್ಪಾಯಿತು ಎನ್ನಬೇಕಿತ್ತು. ಗಂಟಲಿನಿಂದ ಹೊರಬಿದ್ದದ್ದು ಬೇರೆಯದೇ ಮಾತು. “ಹುಡುಗರಿಗಿ ಹೇಳ್ತೀರೇನ್ರಿ?”

ಅವರು ತಿರುಗಿ ನನ್ನ ಮುಖವನ್ನೇ ನೋಡಿದರು. ಹಿಂದಿನ ಬಸ್ಸಿನವನು ಹಾರನ್ ಹೊಡೆಯುತ್ತಲೇ ಇದ್ದ. ಸರ್ಕಲ್ಲಿನ ಹತ್ತಿರ ಬೀಗಿತ್ತಿ ಕಾರು ಬದಿಗೆ ತಂದು, “ಇಳೀರಿ, ಇಲ್ಲಿ ಆಟೋ ಸಿಗುತ್ತೆ,” ಎಂದರು. ಕಾರು ಕ್ಯಾಬುಗಳ ನಡುವೆ ಸೇರಿಹೋಯಿತು. ನಾನು ಆಟೋ ಹತ್ತಲಿಲ್ಲ. ರಸ್ತೆಬದಿಯಲ್ಲಿ ವಾಂತಿ ಮಾಡಿಕೊಂಡು, ಬಿಸಿಲಲ್ಲಿ ನಡೆದೇ ಮನೆಗೆ ಬಂದೆ.

ದಸರೆಗೆ ನಿಮ್ಮನ್ನು ಬಸ್ಸಿನಲ್ಲಿ ಊರಿಗೆ ಕರೆದೊಯ್ದೆ. ನನಗೆ ಬೇಕಾದ್ದು ಸಿಕ್ಕಿತ್ತು. ಮೊದಲೆರಡು ದಿನ ಮುಖ ಊದಿಸಿಕೊಂಡಿದ್ದಿರಿ. ಮೂರನೆಯ ದಿನಕ್ಕೆ ಮರೆತು ಬಾವಿಕಟ್ಟೆಯಲ್ಲಿ ಕುಣಿಯುತ್ತಿದ್ದಿರಿ. ಮರೆಯಲಾರದೆ ಕೂತವಳು ನಾನು. ದಿನವೂ ಸಂಜೆ ನಿಮ್ಮ ಅಮ್ಮ ಕೊಟ್ಟಿದ್ದ ಚಿಕ್ಕ ಮೊಬೈಲಿಗೆ ಬೀಗಿತ್ತಿಯ ಫೋನು ಬರುತ್ತಿತ್ತು. ನೀವು ಅದನ್ನು ಕಿತ್ತಾಡಿ ಹಿಡಿದುಕೊಂಡಾಗ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಇವತ್ತು ಹೇಳುತ್ತಾರೆ, ಈಗ ಹೇಳುತ್ತಾರೆ. ನಿಮ್ಮ ಮುಖ ಬದಲಾಗಲಿಲ್ಲ. ಕೊನೆಯಲ್ಲಿ ಅಕ್ಕ ಫೋನಿನ ಮಾತನ್ನು ನನಗೆ ದಾಟಿಸುತ್ತಿದ್ದಳು. “ಆಯೀ, ರೊಟ್ಟಿ ಇನ್ನೂ ಗರಿಗರಿಯಾಗಿದೆಯಂತೆ.”

ಬೀಗಿತ್ತಿ ಒಂಬತ್ತು ವರ್ಷ ಆ ಕಾರಿನಲ್ಲೇ ಬದುಕಿದರು. ಮಂಡಿ ನೋವು ಹೆಚ್ಚಿದ ಮೇಲೆ ಮೈಸೂರಿನಲ್ಲಿ ಒಂದು ಕೋಣೆ ಹಿಡಿದಿದ್ದಾರೆ. ಇಷ್ಟು ವರ್ಷದಲ್ಲಿ ಅವರು ನಿಮಗೆ ಹೇಳಿಲ್ಲ. ನಿಮ್ಮ ಅಪ್ಪನಿಗೂ ಹೇಳಿಲ್ಲ. ನೀವು ಇಂದಿಗೂ ಆ ಸೆಕ್ರೆಟರಿಯನ್ನು ಬೈಯುತ್ತೀರಿ, ನಾನು ಪಕ್ಕದಲ್ಲೇ ಕೂತು ಕೇಳುತ್ತೇನೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಒಂದು ವಾರವೂ ತಡೆದುಕೊಳ್ಳುತ್ತಿರಲಿಲ್ಲ, ನಿಮ್ಮನ್ನು ನನ್ನ ಕಡೆಗೆ ಎಳೆದುಕೊಳ್ಳಲು ಆ ಒಂದು ಮಾತು ಸಾಕಾಗಿತ್ತು. ಮಾತೇ ಬದುಕಾಗಿದ್ದ ಆ ಹೆಂಗಸು ಅದೊಂದನ್ನು ನುಂಗಿಕೊಂಡರು. ಕಾರಿನ ಮೇಲಿನ ಹೊಟ್ಟೆಕಿಚ್ಚು ಎಂದೋ ಆರಿತು. ಹಾಗೆ ನುಂಗಿಕೊಂಡದ್ದರ ಮೇಲಿನದು ಆರಿಲ್ಲ.

ಇದನ್ನು ಓದಿದ ಮೇಲೆ ಅವರಿಗೆ ಫೋನು ಮಾಡಿ. ಎಷ್ಟು ಹೊತ್ತು ಬೇಕಾದರೂ ಮಾತಾಡಿ. ನನ್ನ ಕೋಣೆಗೆ ಆಮೇಲೆ ಬಂದರೆ ಸಾಕು.