ಪಿತ್ತ ಒಡೆಯದ ಕೈ

ನಮ್ಮದು ಮೀನು ಮುಟ್ಟದ ಮನೆ. ಆದರೂ ಡಾಕ್ಟರಾಗುವ ಹುಚ್ಚಿನಲ್ಲಿ, ಹೊಟ್ಟೆಯೊಳಗಿನದನ್ನು ಕಣ್ಣಾರೆ ಕಾಣಬೇಕೆಂದು ಕಾಲೇಜು ಬಿಟ್ಟೊಡನೆ ಕುಮಟೆಯ ಮೀನುಪೇಟೆಗೆ ಓಡುತ್ತಿದ್ದೆ. ಅಲ್ಲಿ ಮೀನು ಕೊಯ್ದು ಕೊಡುವ ಅಕ್ಕನೊಬ್ಬಳಿದ್ದಳು. ನಾನು ಜಠರ, ಯಕೃತ್ತು ಎಂದು ಪುಸ್ತಕದ ಹೆಸರು ಹೇಳಿದರೆ ನಗುವಳು. ಆಮೇಲೆ ಕತ್ತಿಯನ್ನು ನನ್ನ ಕೈಗಿತ್ತು, "ಪಿತ್ತ ಒಂದ್ ಒಡೀಬೇಡ ತಂಗೀ, ಇಡೀ ಮೀನು ಕಹಿ ಆಗ್ತದೆ" ಎನ್ನುವಳು. ಆ ಹಸಿರು ಚೀಲ ಹರಿಯದೆ ಹೊರಬಂದರೆ ಅವಳದು ಒಂದೇ ಮಾತು: "ಆತು."

ಎಷ್ಟೋ ವರ್ಷಗಳ ಮೇಲೆ, ತನ್ನದೇ ಪಿತ್ತಕೋಶದಲ್ಲಿ ಕಲ್ಲು ತುಂಬಿಕೊಂಡು ಅವಳು ನಮ್ಮ ಆಸ್ಪತ್ರೆಗೆ ಬಂದಳು. ಈ ಸಲವೂ ಕತ್ತಿ ನನ್ನ ಕೈಯಲ್ಲಿತ್ತು.

ಎಚ್ಚರವಾದೊಡನೆ ಕೇಳಿದಳು: "ಒಡೆದು ಹೋಯ್ತಾ ತಂಗೀ?"

"ಇಲ್ಲ ಅಕ್ಕಾ, ಇಡೀ ಬಂತು."

ಒಣಗಿದ ತುಟಿಯಲ್ಲೇ ನಕ್ಕಳು. "ಆತು."